ಐಸು ಓದುತ್ತಿದ್ದ ಸಿಸ್ಟರ್

ಫ್ರೀಜರಿನಿಂದ ತೆಗೆದ ಐಸ್ ಟ್ರೇ ಮೇಲೆ ನಲ್ಲಿ ನೀರು ಬಿಟ್ಟಾಗ ಚಟ್ ಎಂದು ಒಂದು ಸಣ್ಣ ಸದ್ದಾಗುತ್ತದೆ. ಬೇರೆಯವರ ಕಿವಿಗೆ ಅದು ಬೀಳುವುದೂ ಇಲ್ಲ. ನನಗೆ ಅಷ್ಟಕ್ಕೇ ಕೈ ನಿಂತುಹೋಗುತ್ತದೆ. ಕಾಲ ಕೆಳಗೆ ಏನಿದೆ ಎಂದು ನೋಡಿಕೊಳ್ಳುತ್ತೇನೆ. ಅಡುಗೆಮನೆಯ ನೆಲ, ಮೂರನೇ ಮಹಡಿ, ಎಲ್ಲ ಗಟ್ಟಿಯಾಗಿದೆ. ಉಸಿರು ಮತ್ತೆ ಬಂದಮೇಲೆ ಸಿಸ್ಟರ್ ನೆನಪಾಗುತ್ತಾರೆ.

ಸಿಸ್ಟರ್ ತೀರಿಕೊಂಡು ಎರಡು ತಿಂಗಳಾಗುತ್ತಾ ಬಂತು. ಸ್ವೀಡನ್ನಿನ ಉಮೆಯೊ ಊರಿನಲ್ಲಿ ಆಗ ಇದ್ದ ಎಂಟು ಕನ್ನಡದ ಮನೆಗಳವರಿಗೂ ಅವರು ಸಿಸ್ಟರೇ. ಅವರ ಚರ್ಚಿನ ಸ್ವೀಡಿಶ್ ಮುದುಕಿಯರಿಗೂ ಸಿಸ್ಟರೇ. ಗದಗಿನ ಕಡೆಯ ಒಂದು ಮಿಶನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು, ಇಲ್ಲಿಯ ಎಂಜಿನಿಯರ್ ಒಬ್ಬರನ್ನು ಮದುವೆಯಾಗಿ ಬಂದು, ಇಲ್ಲಿಯ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ನಾನು ನೋಡುವ ಹೊತ್ತಿಗೆ ಗಂಡ ಇರಲಿಲ್ಲ. ಮಗ ಸ್ಟಾಕ್‌ಹೋಮಿನಲ್ಲಿದ್ದ. ಊರಂಚಿನ ಒಂದು ಹಳ್ಳಿಯಲ್ಲಿ, ಕೆರೆಯ ದಡದ ಹಳದಿ ಮರದ ಮನೆಯಲ್ಲಿ ಅವರೊಬ್ಬರೇ ಇದ್ದರು. ಅವರ ಬದುಕಿನ ಕಥೆ ನನಗೆ ಗೊತ್ತಿರುವುದು ಇಷ್ಟೇ. ಇದಕ್ಕಿಂತ ಹೆಚ್ಚು ಕೇಳಿದರೆ, "ನಂದೇನೈತಿ, ನಿಂದ ಹೇಳು" ಅನ್ನುತ್ತಿದ್ದರು.

ನಾನು 2013ರಲ್ಲಿ ತುಮಕೂರಿನಿಂದ ಸಸ್ಯಶಾಸ್ತ್ರದ ಪಿಎಚ್.ಡಿ.ಗೆಂದು ಉಮೆಯೊಗೆ ಬಂದೆ. ಆ ವರ್ಷದ ದೀಪಾವಳಿಗೆ ಎಲ್ಲರೂ ಒಂದೊಂದು ಅಡುಗೆ ಮಾಡಿಕೊಂಡು ಒಬ್ಬರ ಅಪಾರ್ಟ್‌ಮೆಂಟಿನ ಕಾಮನ್ ರೂಮಿನಲ್ಲಿ ಸೇರಿದ್ದೆವು. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ, ಬೂಟುಗಳ ರಾಶಿಯಿಂದ ಒಂದು ಬೂಟನ್ನು ಎತ್ತಿ ಹಿಡಿದುಕೊಂಡೇ ಒಬ್ಬ ಸಣಕಲು ಹೆಂಗಸು ಒಳಗೆ ಬಂದರು.

"ಯಾರದವಾ ಇದು?"

"ನಂದು ಮೇಡಂ," ಎಂದೆ ನಾನು.

ಬೂಟಿನ ಅಡಿಯನ್ನು ಹೆಬ್ಬೆರಳಿಂದ ಒತ್ತಿ ನೋಡಿದರು. "ಇದನ್ನ ಹಾಕ್ಕೊಂಡು ನೀ ಜನವರಿ ಕಾಣೂದಿಲ್ಲ ತಂಗೀ. ಸೊಂಟ ಮುರಕೊಂಡು ನನ್ನ ಹಳೇ ವಾರ್ಡಿನ್ಯಾಗ ಮಲಗತಿ."

ಮಾರನೆಯ ದಿನ ನನ್ನ ಲ್ಯಾಬಿನ ಬಾಗಿಲಿಗೆ ಐಸಿನ ಮೇಲೆ ಜಾರದಂತೆ ಬೂಟಿಗೆ ಕಟ್ಟಿಕೊಳ್ಳುವ ಮೊಳೆಪಟ್ಟಿ ಬಂದಿತ್ತು. ಜೊತೆಗೆ ಒಂದು ಡಬ್ಬಿಯಲ್ಲಿ ರೊಟ್ಟಿ. ಜೋಳದ ಹಿಟ್ಟು ಸಿಗದೆ ಇಲ್ಲಿಯ ರೈ ಧಾನ್ಯದ ಹಿಟ್ಟಿನಲ್ಲಿ ತಟ್ಟಿದ್ದು. ರೊಟ್ಟಿ ಚೆನ್ನಾಗಿರಲಿಲ್ಲ. ಅವರಿಗೂ ಅದು ಗೊತ್ತಿತ್ತು. "ರುಚಿ ಕೇಳಬ್ಯಾಡ, ಹೊಟ್ಟಿಗೆ ಹಾಕ್ಕೋ" ಎಂದು ಫೋನಿನಲ್ಲಿ ಹೇಳಿದರು.

ಸಭೆಯಲ್ಲಿ ನಾಲ್ಕು ಜನರೆದುರು ಅವರ ಕನ್ನಡ ಬೆಂಗಳೂರಿನದ್ದಾಗುತ್ತಿತ್ತು, ಸ್ವಲ್ಪ ಇಸ್ತ್ರಿ ಹಾಕಿದಂತೆ. ನಾವಿಬ್ಬರೇ ಇದ್ದಾಗ, ಅದರಲ್ಲೂ ಸಿಟ್ಟು ಬಂದಾಗ, ಗದಗು ಹೊರಬರುತ್ತಿತ್ತು. ಸಿಟ್ಟು ಬೇಗ ಬರುತ್ತಿತ್ತು. ಹೇಳಿದ ಹೊತ್ತಿಗೆ ಬರದವರ ಮೇಲೆ, ರೋಗಿಯನ್ನು ನೋಡಲು ಹೋಗಿ ತಮ್ಮ ಕಾಯಿಲೆಯ ಕಥೆ ಹೇಳುವವರ ಮೇಲೆ, ಹಾಡು ಬರದಿದ್ದರೂ ಕೋರಸ್ಸಿನಲ್ಲಿ ಗಟ್ಟಿಯಾಗಿ ಹಾಡುವವರ ಮೇಲೆ. ಈ ಕೊನೆಯ ಪಟ್ಟಿಯಲ್ಲಿ ಅವರೂ ಇದ್ದರು. ಅದು ಅವರಿಗೆ ಗೊತ್ತಿರಲಿಲ್ಲ.

ಪ್ರತಿ ಭಾನುವಾರ ಚರ್ಚಿನ ಆರಾಧನೆ, ಆಮೇಲೆ ಅಲ್ಲೇ ಕಾಫಿ, ಆಮೇಲೆ ಕೆರೆಯಾಚೆಯ ಮುದುಕನ ಮನೆ. ಇದು ಅವರ ಕ್ರಮ. ಆ ಮುದುಕ ಕಾಡಿನಲ್ಲಿ ಮರ ಕಡಿಯುತ್ತಾ ಆಯುಷ್ಯ ಕಳೆದವನು. ತೊಂಬತ್ತರ ಹತ್ತಿರ ಇದ್ದ. ಚರ್ಚಿಗೆ ಕಾಲಿಟ್ಟವನಲ್ಲ, ದೇವರಿಲ್ಲ ಎಂದು ಅವರೆದುರೇ ಹೇಳುತ್ತಿದ್ದ. ರಸ್ತೆಯಲ್ಲಿ ಹೋದರೆ ಏಳು ಕಿಲೋಮೀಟರ್ ಸುತ್ತು, ಭಾನುವಾರ ಬಸ್ಸಿಲ್ಲ. ಬೇಸಿಗೆಯಲ್ಲಿ ಸೈಕಲ್ ತುಳಿಯುತ್ತಿದ್ದರು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ನೇರವಾಗಿ ನಡೆದರೆ ಇಪ್ಪತ್ತೈದು ನಿಮಿಷ.

ನಾನು ಮೊದಲ ಸಲ ಜೊತೆಗೆ ಹೊರಟಾಗ ಕೇಳಿದ್ದೆ, "ಅಲ್ಲಿ ಹೋಗಿ ಏನ್ಮಾಡ್ತೀರಾ ಸಿಸ್ಟರ್? ಪ್ರಾರ್ಥನೆನಾ?"

"ಉಗುರು ತಗೀತೇನಿ."

"ಉಗುರಾ?"

"ಕಾಲಿನ ಉಗುರು. ತೊಂಬತ್ತು ವರ್ಷದಾಗ ಬಗ್ಗಾಕ ಬರತೈತೇನು? ಉಗುರು ಬೆಳದು ಮಾಂಸದಾಗ ಹೋಗಿ, ಕೀವು ಆಗಿ, ನಡಿಯೂದ ಬಿಡ್ತಾರ. ನಡಿಯೂದ ಬಿಟ್ರ ಮುಗೀತು."

ಒಂದು ವಾರ ಬಲಗಾಲು, ಮುಂದಿನ ವಾರ ಎಡಗಾಲು. ಬಿಸಿನೀರಿನ ಬೇಸಿನ್ನಿನಲ್ಲಿ ಪಾದ ಇಟ್ಟು, ನೆನೆಸಿ, ಒರೆಸಿ, ಮಡಿಲಲ್ಲಿ ಟವೆಲ್ ಹಾಸಿಕೊಂಡು ಅದರ ಮೇಲೆ ಆ ಕಾಲನ್ನು ಇಟ್ಟುಕೊಳ್ಳುತ್ತಿದ್ದರು. ಹಿರಿಯರ ಕಾಲು ಮುಟ್ಟುವುದು ನನಗೆ ಹುಟ್ಟಿನಿಂದ ಗೊತ್ತು. ಮುಟ್ಟಿ ಕಣ್ಣಿಗೊತ್ತಿಕೊಂಡು ಎದ್ದು ಹೋಗುವುದು ಗೊತ್ತು. ಆ ಕಾಲನ್ನು ಅರ್ಧ ಗಂಟೆ ಮಡಿಲಲ್ಲಿಟ್ಟುಕೊಂಡು ಕೂರುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ಮುದುಕ ಅಷ್ಟು ಹೊತ್ತೂ ರೇಡಿಯೋ ಹಾಕಿಕೊಂಡು ಸರ್ಕಾರವನ್ನು ಬಯ್ಯುತ್ತಿದ್ದ. ಇವರು ಒಂದೊಂದು ಬೆರಳಿಗೂ ತಲೆ ಆಡಿಸುತ್ತಿದ್ದರು.

ಒಂದು ದಿನ ನೇರವಾಗಿಯೇ ಕೇಳಿಬಿಟ್ಟೆ. "ನನ್ನನ್ನ ನಿಮ್ಮ ಧರ್ಮಕ್ಕೆ ಸೇರಿಸ್ಕೋಬೇಕು ಅಂತ ಆಸೆ ಇಲ್ವಾ ನಿಮಗೆ?"

"ಐತಿ," ಎಂದರು ತಡಮಾಡದೆ. "ಸುಳ್ಳ ಯಾಕ ಹೇಳ್ಲಿ? ದಿನಾ ಮುಂಜಾನೆ ನಿನ್ನ ಹೆಸರು ಹಿಡದು ಪ್ರಾರ್ಥನಾ ಮಾಡ್ತೇನಿ. ಆ ಮುದುಕನ ಹೆಸರೂ ಹಿಡೀತೇನಿ. ಆದ್ರ ಉಗುರು ತಗಿಯೂದು ಅದಕ್ಕಲ್ಲ. ಉಗುರು ಬೆಳದಾವ, ಅದಕ ತಗೀತೇನಿ."

ನನಗೆ ಆ ಉತ್ತರ ಇಷ್ಟವಾಯಿತು. ನಾನು ಕ್ರೈಸ್ತಳಾಗಲಿಲ್ಲ. ಅವರು ಮತ್ತೆ ಆ ಮಾತೆತ್ತಲೂ ಇಲ್ಲ. ಪ್ರಾರ್ಥನೆ ನಿಲ್ಲಿಸಿರಲಿಕ್ಕಿಲ್ಲ.

ಇನ್ನು ಐಸು. ಕೆರೆಯ ಐಸನ್ನು ಅವರು ನೋಡುತ್ತಿದ್ದದ್ದು ನನ್ನ ಅಜ್ಜಿ ಹಾಲು ಉಕ್ಕುವುದನ್ನು ನೋಡುತ್ತಿದ್ದಂತೆ, ಬೇರೆ ಮಾತಾಡುತ್ತಲೇ, ಒಂದು ಕಣ್ಣು ಅಲ್ಲಿಟ್ಟು. ಕೈಯಲ್ಲಿ ಎದೆಯೆತ್ತರದ ಕೋಲು, ತುದಿಗೆ ಕಬ್ಬಿಣದ ಮೊನೆ. ಎರಡು ಹೆಜ್ಜೆ, ಒಂದು ಏಟು. ಸದ್ದು ಕೇಳಿ ನಡೆಯುತ್ತಿದ್ದರು, ಇಲ್ಲವೇ ಸುತ್ತಿ ಹೋಗುತ್ತಿದ್ದರು. ಗಂಡನ ಅಪ್ಪನಿಂದ ಕಲಿತ ವಿದ್ಯೆ. ಚರ್ಚಿನ ಮಕ್ಕಳ ಗುಂಪು ಪ್ರತಿ ಜನವರಿ ಕೆರೆಯ ಮೇಲೆ ಸ್ಕೇಟಿಂಗಿಗೆ ಇಳಿಯುವ ಮೊದಲು, ಆ ಗುಂಪನ್ನು ನೋಡಿಕೊಳ್ಳುವ ಟೀಚರ್ ಇವರ ಮನೆಗೆ ಬಂದು, "ತಡೆಯುತ್ತಾ ಸಿಸ್ಟರ್?" ಎಂದು ಕೇಳಬೇಕು. ಇವರು ಹೋಗಿ ಅರ್ಧ ದಿನ ಕುಟ್ಟಿ ನೋಡಿ ಬಂದು ಹೂಂ ಎನ್ನಬೇಕು. ಮೂವತ್ತು ವರ್ಷದಿಂದ ಹಾಗೆ ನಡೆದಿತ್ತು. ಕಪ್ಪು ಕೂದಲಿನ, ಹಿಮವನ್ನೇ ಕಾಣದ ಊರಿನ ಹೆಂಗಸು ಹೂಂ ಎಂದಮೇಲೆ ಆ ಹಳ್ಳಿಯ ಮಕ್ಕಳು ಐಸಿಗಿಳಿಯುತ್ತಿದ್ದರು.

"ಇದೊಂದರಾಗ ನನಗ ಸೊಕ್ಕು ಐತಿ ತಂಗೀ," ಎಂದು ಒಮ್ಮೆ ನಗುತ್ತಾ ಹೇಳಿದ್ದರು. "ದೇವರಿಗೂ ಹೇಳೇನಿ. ಉಳದದ್ದೆಲ್ಲಾ ತಗೋ, ಇದೊಂದು ಸೊಕ್ಕು ಇರ್ಲಿ ಬಿಡಪಾ ಅಂತ."

ಅವರ ಜೊತೆ ಐಸಿನ ಮೇಲೆ ನಡೆಯಲು ಒಂದೇ ನಿಯಮ. ಹತ್ತು ಮೀಟರ್ ದೂರ. ಅವರ ಹೆಜ್ಜೆಯ ಮೇಲೇ ಹೆಜ್ಜೆ, ಆದರೆ ಹತ್ತು ಮೀಟರ್ ಹಿಂದೆ. ಒಬ್ಬರ ಭಾರ ತಡೆಯುವ ಐಸು ಇಬ್ಬರ ಭಾರ ತಡೆಯಬೇಕೆಂದಿಲ್ಲ. ಕೊರಳಲ್ಲಿ ಎರಡು ಮರದ ಹಿಡಿಯ ಮೊಳೆಗಳು, ನೀರಿಗೆ ಬಿದ್ದರೆ ಐಸಿಗೆ ಚುಚ್ಚಿ ಮೇಲೆ ಬರಲು. ಅವರ ಬೆನ್ನಚೀಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಒಣಬಟ್ಟೆ, ನನ್ನದರಲ್ಲಿ ಹಗ್ಗ. ಎರಡು ಚಳಿಗಾಲ ನಾನು ಈ ನಿಯಮ ಮುರಿಯಲಿಲ್ಲ.

ಮೂರನೆಯ ಚಳಿಗಾಲದ ಮಾರ್ಚ್ ಕೊನೆ. ಚೆನ್ನಾದ ಬಿಸಿಲಿತ್ತು. ಆಚೆ ದಡ ಹತ್ತಿರವಾಗುವಲ್ಲಿ ಜೊಂಡು ಬೆಳೆದ ಜಾಗವಿದೆ, ಅಲ್ಲಿ ಒಂದು ಸಣ್ಣ ತೊರೆ ಬಂದು ಕೆರೆಗೆ ಸೇರುತ್ತದೆ. ಹರಿಯುವ ನೀರಿನ ಮೇಲಿನ ಐಸು ತೆಳು. ಸಿಸ್ಟರ್ ಕುಟ್ಟುತ್ತಾ ಅದನ್ನು ಬಳಸಿ ಹೋಗುತ್ತಿದ್ದರು. ಇದ್ದಕ್ಕಿದ್ದಂತೆ ನಿಂತರು. ಕೆಮ್ಮು ಬಂತು, ಒಂದು ನಿಮಿಷವಾದರೂ ನಿಲ್ಲಲಿಲ್ಲ. ಕೋಲಿಗೆ ಒರಗಿ, ಮೊಣಕಾಲಿಗೆ ಕೈಯೂರಿ ಬಗ್ಗಿದರು.

ಅಷ್ಟು ದೊಡ್ಡ ಬಿಳಿಯ ಬಯಲಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಬಗ್ಗಿ ನಿಂತದ್ದನ್ನು ಕಂಡೆ. ಓಡಿದೆ.

ಅವರು ತಿರುಗಿ ನೋಡಿ ಕೈಯೆತ್ತಿದರು. "ಬ್ಯಾಡ! ಬರಬ್ಯಾಡ!"

ಅದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಈ ನಾಲ್ಕು ವರ್ಷದಲ್ಲಿ ಸಾವಿರ ಸಲ ಅದನ್ನೇ ಮತ್ತೆ ಕೇಳಿಸಿಕೊಂಡಿದ್ದೇನೆ. ಆದರೆ ನಾನು ಬೆಳೆದ ಮನೆಯಲ್ಲಿ ಹಿರಿಯರ 'ಬೇಡ'ಕ್ಕೆ ಬೇಡ ಎಂಬ ಅರ್ಥವೇ ಇರಲಿಲ್ಲ. ಅಜ್ಜಿ ಇನ್ನೊಂದು ಸೌಟು ಸಾರು ಬೇಡ ಎಂದರೆ ಬಡಿಸುತ್ತಿದ್ದೆವು. ಅಜ್ಜ ಕೈ ಹಿಡಿಯಬೇಡ, ಮೆಟ್ಟಿಲು ನಾನೇ ಹತ್ತುತ್ತೇನೆ ಎಂದರೆ ಹಿಡಿಯುತ್ತಿದ್ದೆವು. ಬೇಡ ಎಂದಾಗ ಸುಮ್ಮನಾಗುವುದು ಬೆಳೆಸಿದವರಿಗೆ ಕೆಟ್ಟ ಹೆಸರು ತರುವ ನಡತೆ. ಹಾಗಾಗಿ ಅವರ ಕೂಗನ್ನು ನಾನು ಸಂಕೋಚವೆಂದುಕೊಂಡೆ. ಹತ್ತು ಮೀಟರನ್ನೂ ಓಡಿ ದಾಟಿ ಅವರ ಮೊಣಕೈ ಹಿಡಿದೆ.

ಚಟ್.

ಮುಂದಿನದು ನನಗೆ ತುಂಡು ತುಂಡಾಗಿಯೇ ಬರುತ್ತದೆ. ಅವರ ಮೊಣಕೈ ನನ್ನ ಕೈಯಿಂದ ಕೆಳಕ್ಕೆ ಜಾರಿದ್ದು. ಕಪ್ಪು ನೀರು. ನಾನು ಹಿಂದಕ್ಕೆ ಬಿದ್ದು, ನನ್ನ ಬೂಟಿನ ತುದಿ ನೀರಿನಲ್ಲಿದ್ದದ್ದು. ಅವರ ಟೋಪಿ ಒಂದೇ ತೇಲುತ್ತಿದ್ದ ಆ ಒಂದು ಗಳಿಗೆ. ಆಮೇಲೆ ತಲೆ ಮೇಲೆ ಬಂತು. ಬಾಯಿ ತೆರೆದು ಮೂರು ಸಲ ಉಸಿರೆಳೆದುಕೊಂಡರು. ನಾಲ್ಕನೆಯ ಉಸಿರಿಗೆ ಮಾತು ಬಂತು, ವಾರ್ಡಿನಲ್ಲಿ ಹೊಸ ನರ್ಸಿಗೆ ಹೇಳುವ ದನಿಯಲ್ಲಿ.

"ತಂಗೀ, ಏಳಬ್ಯಾಡ. ಬೋರಲು ಮಲಕೋ."

ಮಲಗಿದೆ.

"ಉರುಳು. ಬಂದ ದಾರಿ ಕಡೆ ಉರುಳು. ನನ್ನ ನೋಡಬ್ಯಾಡ, ಉರುಳು."

ನೀರಿನಲ್ಲಿ ಇದ್ದವರು ಅವರು. ದಡ ಸೇರಿಸುತ್ತಿದ್ದದ್ದು ನನ್ನನ್ನು. ನಾನು ಗಟ್ಟಿ ಐಸಿಗೆ ಉರುಳಿದ ಮೇಲೆಯೇ ಅವರು ಕೊರಳಿನ ಮೊಳೆಗಳಿಗೆ ಕೈ ಹಾಕಿದ್ದು. ಹಗ್ಗ ಎಸೆದೆ. ತಲುಪಲಿಲ್ಲ. ಎರಡನೆಯದೂ ತಲುಪಲಿಲ್ಲ. ಮೂರನೆಯದು ಅವರ ಕೈಗೆ ಸಿಗುವ ಹೊತ್ತಿಗೆ, ಈಜುವವರಂತೆ ಕಾಲು ಬಡಿದು, ಮೊಳೆ ಚುಚ್ಚಿ ಚುಚ್ಚಿ, ಅರ್ಧ ಮೈ ಮೇಲೆ ತಂದಿದ್ದರು. "ಜಗ್ಗು," ಎಂದರು. ಜಗ್ಗಿದೆ. ಎಲ್ಲ ಸೇರಿ ಮೂರು ನಿಮಿಷವೂ ಆಗಿರಲಿಕ್ಕಿಲ್ಲ. ನಾನು ಅದರೊಳಗೆ ಈಗಲೂ ಇದ್ದೇನೆ.

ಅಲ್ಲೇ, ಐಸಿನ ಮೇಲೆಯೇ, ಒಣಬಟ್ಟೆ ಬಿಚ್ಚಿದರು. ಹಲ್ಲು ಕಟಕಟ ಎನ್ನುತ್ತಿತ್ತು. "ಆ ಕಡೆ ತಿರುಗು," ಎಂದರು ನನಗೆ. ಸುತ್ತ ಕಣ್ಣಿಗೆ ಕಾಣುವಷ್ಟು ದೂರ ನರಪಿಳ್ಳೆ ಇಲ್ಲ. ನಾನು ತಿರುಗಿ ನಿಂತು ಅಳುತ್ತಿದ್ದೆ.

ತೊರೆಯನ್ನು ದೂರದಿಂದ ಬಳಸಿ ಮುದುಕನ ಮನೆ ಸೇರಿದೆವು. ಆತ ಒಲೆಗೆ ಕಟ್ಟಿಗೆ ತುಂಬಿದ, ತನ್ನ ಉಣ್ಣೆಯ ಕಂಬಳಿ ಹೊದಿಸಿದ, ಹಳ್ಳಿಯಲ್ಲಿ ಕಾರಿರುವವರಿಗೆ ಫೋನ್ ಮಾಡಿದ. ಆಮೇಲೆ ಕುರ್ಚಿಯಲ್ಲಿ ಕೂತ. ಸಿಸ್ಟರ್ ಅವನ ಕಾಲು ನೋಡಿದರು, ತಮ್ಮ ಕೈ ನೋಡಿಕೊಂಡರು. ಬೆರಳುಗಳು ನಡುಗುತ್ತಿದ್ದವು.

"ಇವತ್ತ ನೀ ತಗಿ," ಎಂದರು.

"ಸಿಸ್ಟರ್, ಇವತ್ತು ಬೇಡ..."

"ಎಡಗಾಲಿನ ವಾರ. ಬೇಸಿನ್ ತಗೊಂಡು ಬಾ."

ನನ್ನ ಕೈಯೂ ನಡುಗುತ್ತಿತ್ತು. ಮುದುಕ ಕತ್ತರಿಯನ್ನೂ ನನ್ನನ್ನೂ ನೋಡಿ, "ಒಂಬತ್ತು ಬೆರಳಾದರೂ ಉಳಿಸು ಹುಡುಗೀ," ಎಂದ. ಸಿಸ್ಟರ್ ಕಂಬಳಿಯೊಳಗಿಂದ ನಕ್ಕರು. ನೇರವಾಗಿ ಕತ್ತರಿಸಬೇಕು, ಮೂಲೆ ದುಂಡಗೆ ಮಾಡಬಾರದು, ಚರ್ಮ ಎಳೆಯಬಾರದು ಎಂದು ಒಂದೊಂದೇ ಹೇಳುತ್ತಾ ಐದೂ ಬೆರಳಿನ ಉಗುರು ತೆಗೆಸಿದರು. ಐದನೆಯ ಬೆರಳಿನ ಹೊತ್ತಿಗೆ ನನ್ನ ಕೈಯ ನಡುಕ ನಿಂತಿತ್ತು. ಅದಕ್ಕೇ ಮಾಡಿಸಿದರೆಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಮರುದಿನವೇ ಮಗ ಸ್ಟಾಕ್‌ಹೋಮಿನಿಂದ ಬಂದ. ನಾನೂ ಅಲ್ಲಿದ್ದೆ, ಚಹಾ ಮಾಡುತ್ತಿದ್ದೆ. ತಾಯಿಯ ಎದುರು ಕೂತು ಅವನು ಸ್ವೀಡಿಶಿನಲ್ಲಿ ಕೇಳಿದ, "ಏನಾಯಿತು?"

"ನಾನು ತಪ್ಪು ಮಾಡಿದೆ," ಎಂದರು ಸಿಸ್ಟರ್.

"ಐಸು ಹೇಗಿದೆ ಅಂತ ಗೊತ್ತಾಗಲಿಲ್ಲವಾ?"

ನಾನು ತಿರುಗಿ ಬಾಯಿ ತೆರೆದೆ. "ತಂಗೀ, ಚಹಾ ಸೋಸು," ಎಂದರು ಕನ್ನಡದಲ್ಲಿ. ಸೋಸಿದೆ. ಹಿರಿಯರು ಹೇಳಿದರೆಂದು ಸೋಸಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ನನಗೆ ಹೆದರಿಕೆಯಾಗಿತ್ತು. ಸಿಸ್ಟರನ್ನು ನೀರಿಗೆ ಹಾಕಿದ ಹುಡುಗಿ ಎಂದು ಎಂಟು ಮನೆಗಳಲ್ಲೂ ಆ ಹಳ್ಳಿಯಲ್ಲೂ ಕರೆಸಿಕೊಳ್ಳುವ ಹೆದರಿಕೆ.

ಇನ್ನು ಐಸಿನ ಮೇಲೆ ಕಾಲಿಡುವುದಿಲ್ಲ ಎಂದು ಮಗ ತಾಯಿಯಿಂದ ಮಾತು ತೆಗೆದುಕೊಂಡ. ಕೊಟ್ಟ ಮಾತನ್ನು ಅವರು ಮುರಿಯಲಿಲ್ಲ. ಮುದುಕನ ಉಗುರಿಗೆ ಬಸ್ಸಿರುವ ಬುಧವಾರ ನಿಗದಿಯಾಯಿತು. ಲ್ಯಾಬಿನಿಂದ ಬೇಗ ಹೊರಟು ನಾನೂ ಹೋಗುತ್ತಿದ್ದೆ. ಒಬ್ಬ ಮುದುಕ ಮೂವರಾದರು, ಆಮೇಲೆ ಐವರಾದರು. ಅವರು ಬಲಗಾಲು, ನಾನು ಎಡಗಾಲು.

ಮುಂದಿನ ಜನವರಿಯಲ್ಲಿ ಮಕ್ಕಳ ಟೀಚರ್ ಅವರ ಮನೆಗೆ ಬರಲಿಲ್ಲ. ಐಸಿಗೆ ತೂತು ಕೊರೆದು ದಪ್ಪ ಅಳೆಯುವ ಒಬ್ಬನನ್ನು ಪಟ್ಟಣದಿಂದ ಕರೆಸಿದ್ದರು. ಟೀಚರ್ ಕೆಟ್ಟವರಲ್ಲ. ಮಕ್ಕಳ ಜೀವ ಅವರ ಕೈಯಲ್ಲಿತ್ತು. ಸಿಸ್ಟರ್ ಕಿಟಕಿಯಲ್ಲಿ ನಿಂತು ಆತ ಕೊರೆಯುವುದನ್ನು ಕೊನೆಯವರೆಗೂ ನೋಡಿದರು. "ಸರಿ ಜಾಗದಾಗ ಕೊರ್ಯಾಕತ್ತಾನ," ಎಂದರು. ಆಮೇಲೆ ಕಿಟಕಿಯ ಗಾಜನ್ನು ಒರೆಸತೊಡಗಿದರು. ಅದು ಮೊದಲೇ ಸ್ವಚ್ಛವಾಗಿತ್ತು.

ಅವತ್ತು ನಾನು ತಡೆಯಲಾಗದೆ ಕೇಳಿದೆ. "ನೀವು ಯಾಕೆ ಹಾಗೆ ಹೇಳಿದ್ರಿ ಸಿಸ್ಟರ್? ತಪ್ಪು ನಂದು. ನೀವು ಸುಳ್ಳು ಹೇಳಲ್ಲ ಅಂತೀರಲ್ಲ?"

"ಸುಳ್ಳಲ್ಲ. ಐಸಿನ ಮ್ಯಾಲೆ ಕರಕೊಂಡು ಹೋದಾಕಿ ನಾನು. ಹಿಂದ ಬರೋರನ್ನ ನೋಡಿಕೋಬೇಕಾದಾಕಿನೂ ನಾನ."

"ಆದ್ರೆ ಐಸು ಸರಿಯಾಗೇ ಓದಿದ್ರಿ. ಇವರೆಲ್ಲ ತಪ್ಪು ತಿಳ್ಕೊಂಡಿದ್ದಾರೆ. ನಾನು ಹೇಳ್ತೀನಿ."

ಅವರು ಬಟ್ಟೆ ಹಿಂಡಿದರು. "ಹೇಳಬ್ಯಾಡ ಅನ್ನೂದಿಲ್ಲ. ಹೇಳು ಅಂತನೂ ಅನ್ನೂದಿಲ್ಲ. ನಿನಗ ಎದಿ ಗಟ್ಟಿ ಆದಾಗ ನೋಡು. ನನ್ನ ಸಲುವಾಗಿ ಮಾತ್ರ ಬ್ಯಾಡ. ನಾ ಯಾರಿಗೆ ಕೊಡಬೇಕೋ ಅವರಿಗೆ ಕೊಟ್ಟಾಗೇತಿ ಅದನ್ನ."

ಏನು ಕೊಟ್ಟರೆಂದು ಅವರು ಹೇಳಲಿಲ್ಲ. ಆ ಒಂದೇ ಒಂದು ಸೊಕ್ಕನ್ನು ಎಂದು ನನಗೆ ಗೊತ್ತಾಯಿತು. ಆದರೂ ನನ್ನ ಎದೆ ಗಟ್ಟಿಯಾಗಲಿಲ್ಲ. ಮುಂದಿನ ವರ್ಷವೂ ಆಗಲಿಲ್ಲ. ಅವರಿಗೆ ಕ್ಯಾನ್ಸರ್ ಎಂದು ತಿಳಿದು, ಅವರ ಕಾಲಿನ ಉಗುರನ್ನೇ ನಾನು ತೆಗೆಯುವ ದಿನ ಬಂದಾಗಲೂ ಆಗಲಿಲ್ಲ. ಅಕ್ಟೋಬರಿನಲ್ಲಿ ಅವರು ಹೋದರು.

ಇಲ್ಲಿ ಮಣ್ಣಾದ ಮೇಲೆ ಚರ್ಚಿನ ಹಾಲಿನಲ್ಲಿ ಎಲ್ಲರೂ ಕಾಫಿಗೆ ಕೂರುತ್ತಾರೆ. ಬೇಕೆಂದವರು ಎದ್ದು ತೀರಿಹೋದವರ ಬಗ್ಗೆ ನಾಲ್ಕು ಮಾತು ಹೇಳಬಹುದು. ಪಾದ್ರಿ ಮಾತಾಡಿದರು. ಹಳೆಯ ಆಸ್ಪತ್ರೆಯವರು ಮಾತಾಡಿದರು. ಒಬ್ಬಾಕೆ ಸಿಸ್ಟರ್ ಅವರ ಧೈರ್ಯ ಹೊಗಳುತ್ತಾ, "ಕೊನೆಯಲ್ಲಿ ಕಣ್ಣು ಮೋಸ ಮಾಡಿತು, ಪಾಪ, ಆ ಕೆರೆಯಲ್ಲಿ..." ಎಂದರು. ಪ್ರೀತಿಯಿಂದಲೇ ಅಂದದ್ದು. ಎಲ್ಲರೂ ತಲೆದೂಗಿದರು. ಮಗನೂ ತಲೆದೂಗಿದ.

ನಾನು ಎದ್ದು ನಿಂತೆ. ನನ್ನ ಸ್ವೀಡಿಶ್ ಅಷ್ಟಕ್ಕಷ್ಟೇ. ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಿದೆ. ನಾವು ಹತ್ತು ಮೀಟರ್ ದೂರದಲ್ಲಿ ನಡೆಯುತ್ತಿದ್ದೆವು. ಅವರು ಕೆಮ್ಮಲು ನಿಂತರು. ಬರಬೇಡ ಎಂದು ಕೂಗಿದರು. ನಾನು ಓಡಿಹೋದೆ. ಅವರ ಕೈ ಹಿಡಿದೆ. ಆಗ ಮುರಿಯಿತು. ಹೇಳಲು ನಾಲ್ಕು ವರ್ಷ ಹೆದರಿದ್ದೆ.

ಮಗ ಕಪ್ಪನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದ.

"ನೀವು ಹೋಗುವ ಮೊದಲು ಅಮ್ಮ ಎಷ್ಟು ಹೊತ್ತು ಅಲ್ಲಿ ನಿಂತಿದ್ದಳು?" ಎಂದು ಕೇಳಿದ.

"ಒಂದು ನಿಮಿಷ. ಹೆಚ್ಚೇ ಇರಬಹುದು."

"ಅಷ್ಟು ಹೊತ್ತೂ ಐಸು ತಡೆದಿತ್ತಾ?"

"ತಡೆದಿತ್ತು."

ಅವನು ಎದ್ದ. ತಾಯಿಯ ಕಣ್ಣಿನ ಬಗ್ಗೆ ಹೇಳಿದ ಆಕೆಯ ಕಡೆಗೆ, ಪಾದ್ರಿಯ ಕಡೆಗೆ, ಕೊನೆಯ ಮೇಜಿನಲ್ಲಿದ್ದ ಮಕ್ಕಳ ಟೀಚರ್ ಕಡೆಗೆ ತಿರುಗಿದ. ನಾನು ಹೇಳಿದ್ದು ಎಲ್ಲರಿಗೂ ಕೇಳಿಸಿತ್ತು. ಆದರೂ ಅವನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ. "ಅಮ್ಮ ನಿಂತಿದ್ದ ಜಾಗದಲ್ಲಿ ಐಸು ಗಟ್ಟಿಯಿತ್ತು." ಹೇಳಿ ಕೂತು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ.

ಹೊರಡುವಾಗ ಟೀಚರ್ ನನ್ನ ಹತ್ತಿರ ಬಂದರು. ಅವರ ಕಣ್ಣು ಕೆಂಪಾಗಿತ್ತು, ಮಾತು ಮಾತ್ರ ನೆಟ್ಟಗಿತ್ತು. "ಹತ್ತು ಮೀಟರ್ ಯಾಕೆ ಅಂತ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ಜನವರಿಯಲ್ಲಿ ನೀವೇ ಬಂದು ಹೇಳಿ. ಯಾರು ಓಡಿದ್ದು, ಯಾರು ಸರಿ ಇದ್ದದ್ದು, ಎರಡೂ ಹೆಸರು ಹಿಡಿದೇ ಹೇಳಬೇಕು."

ಹೇಳುತ್ತೇನೆ ಎಂದೆ.